ಫಲಕದ ಇಸವಿ, ಗೋಡೆಯ ವಯಸ್ಸು: ಮಂಗಳೂರಿನ ಹಳೆಯ ಕಟ್ಟಡಗಳ ಬಗ್ಗೆ ಓದುಗರು ಕೇಳಿದ್ದು

ಮಂಗಳೂರಿನ ಸ್ಮಾರಕಗಳು ಮತ್ತು ಹಳೆಯ ಕಟ್ಟಡಗಳ ಕುರಿತು ಬಂದ ಪತ್ರಗಳಲ್ಲಿ ಎಂಟನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಹೆಚ್ಚಿನವರ ಗೊಂದಲ ಇಸವಿಯದ್ದೇ. ಆ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗಿದೆ.

ಅಕ್ಟೋಬರ್ ರಜೆಯಲ್ಲಿ ಎರಡು ದಿನಕ್ಕೆ ಮಂಗಳೂರಿಗೆ ಬರುತ್ತಿದ್ದೇವೆ. ಜೊತೆಯಲ್ಲಿ ಎಪ್ಪತ್ತು ದಾಟಿದ ಅತ್ತೆ, ಹತ್ತು ವರ್ಷದ ಮಗ. ಬೀಚು ಹಿಂದೆಯೇ ನೋಡಿಯಾಗಿದೆ, ಈ ಸಲ ಹಳೆಯ ಕಟ್ಟಡಗಳನ್ನೇ ನೋಡಬೇಕು. ಯಾವ ಕ್ರಮದಲ್ಲಿ ಹೋಗಲಿ?
– ಶಿಕ್ಷಕಿ, ಹಾಸನ

ನಕ್ಷೆ ನೋಡಿ ಹತ್ತಿರದ್ದನ್ನೆಲ್ಲ ಸಾಲಾಗಿ ಮುಗಿಸಲು ಹೊರಟರೆ ಅರ್ಧದಷ್ಟು ಬಾಗಿಲುಗಳು ಮುಚ್ಚಿರುತ್ತವೆ. ಇಲ್ಲಿ ಗಡಿಯಾರ ನೋಡಿಕೊಂಡು ಹೊರಡಬೇಕು. ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಶುಕ್ರವಾರ ಮಧ್ಯಾಹ್ನ ಮಸೀದಿಯಲ್ಲಿ ಜುಮ್ಮಾ ನಮಾಜು, ಭಾನುವಾರ ಬೆಳಿಗ್ಗೆ ಇಗರ್ಜಿಗಳಲ್ಲಿ ಪೂಜೆ, ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಇವನ್ನೆಲ್ಲ ಬಿಟ್ಟು ಉಳಿದ ವೇಳೆಯನ್ನು ಹಂಚಿಕೊಳ್ಳಿ.

ಮೊದಲ ದಿನ ಏಳು ಗಂಟೆಯ ಹೊತ್ತಿಗೆ ಕದ್ರಿಯಲ್ಲಿರಿ. ದರ್ಶನವಾದ ಮೇಲೆ ಮಗನನ್ನು ಹಿಂಬದಿಯ ಮೆಟ್ಟಿಲು ಹತ್ತಿಸಿ ಕೆರೆಗಳನ್ನೂ ಗುಡ್ಡದ ಮೇಲಿನ ಜೋಗಿ ಮಠವನ್ನೂ ತೋರಿಸಿ. ಅತ್ತೆಯವರು ಗೋಮುಖದ ತೀರ್ಥದ ಬಳಿ ಕುಳಿತಿರಲಿ. ಮಳೆ ಬಿಟ್ಟು ಒಂದೆರಡು ವಾರವಷ್ಟೇ ಆಗಿರುವಾಗ ಮುರಕಲ್ಲಿನ (ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲು) ಮೆಟ್ಟಿಲಿನ ಮೇಲೆ ಪಾಚಿ ಇನ್ನೂ ಹಸಿಯಾಗಿರುತ್ತದೆ, ವಯಸ್ಸಾದವರಿಗೆ ಅದು ತರವಲ್ಲ. ಹತ್ತರ ಸುಮಾರಿಗೆ ಬಾವುಟಗುಡ್ಡೆಗೆ ಬಂದು ಅಲೋಶಿಯಸ್ ಚಾಪೆಲ್ ನೋಡಿ. 1837ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದ ಕಲ್ಯಾಣಪ್ಪನ ದಂಡು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತನ್ನದನ್ನು ಏರಿಸಿದ ಗುಡ್ಡ ಇದೇ. ಅಲ್ಲಿಂದ ಹಂಪನಕಟ್ಟೆಗೆ ಇಳಿಜಾರು ದಾರಿ. ಈ ಊರಲ್ಲಿ ಏರಲು ರಿಕ್ಷಾ, ಇಳಿಯಲು ಕಾಲು ಎಂಬ ಲೆಕ್ಕ ಇಟ್ಟುಕೊಂಡರೆ ಯಾರಿಗೂ ದಣಿವಾಗದು. ಊಟದ ನಂತರ ಬಿಜೈಯ ಶ್ರೀಮಂತಿಬಾಯಿ ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಹೋಗಿ. ಕರ್ನಲ್ ಮಿರಾಜ್ಕರ್ ಅವರು ಕಟ್ಟಿಸಿ, ತಾಯಿಯ ನೆನಪಿಗಾಗಿ ಸರ್ಕಾರಕ್ಕೆ ಕೊಟ್ಟ ಮನೆಯದು. ಹಡಗಿನ ಆಕಾರದಲ್ಲಿದೆ, ಹುಡುಗನಿಗೆ ಖಂಡಿತ ಇಷ್ಟವಾಗುತ್ತದೆ.

ಎರಡನೇ ದಿನ ಬೆಳಿಗ್ಗೆ ಬಂದರು. ಮೀನಿನ ದಕ್ಕೆ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು, ಹಳೆಯ ಗೋದಾಮುಗಳ ಓಣಿ, ಝೀನತ್ ಬಕ್ಷ್ ಮಸೀದಿ, ಆಮೇಲೆ ರಥಬೀದಿ, ರೊಸಾರಿಯೊ ಇಗರ್ಜಿ. ಬಂದರಿನ ಓಣಿಗಳಿಗೆ ಲಾರಿ ನುಗ್ಗುವ ಮುಂಚೆ, ಎಂಟರೊಳಗೆ, ನಡೆದು ಮುಗಿಸಿ. ಮಸೀದಿಯೊಳಗೆ ಹೋಗುವ ಮುನ್ನ, ಅದರಲ್ಲೂ ಹೆಂಗಸರು, ಬಾಗಿಲಲ್ಲಿದ್ದವರನ್ನು ಕೇಳಿಕೊಳ್ಳಿ. ಮಧ್ಯಾಹ್ನ ವಿಶ್ರಾಂತಿ, ಸಂಜೆ ನಾಲ್ಕೂವರೆಗೆ ಸುಲ್ತಾನ್ ಬತ್ತೇರಿ.

ರೊಸಾರಿಯೊ ಇಗರ್ಜಿ 1568ರದ್ದು, ಮಿಲಾಗ್ರಿಸ್ 1680ರದ್ದು ಎಂದು ಓದಿದ್ದೆ. ಹೋಗಿ ನೋಡಿದರೆ ಎರಡೂ ನೂರು ವರ್ಷದ ಕಟ್ಟಡಗಳ ಹಾಗೆ ಕಾಣುತ್ತವೆ. ಬಂದರಿನ ಮಸೀದಿ ಏಳನೇ ಶತಮಾನದ್ದು ಎನ್ನುತ್ತಾರೆ, ಅದಕ್ಕೂ ಅಷ್ಟು ವಯಸ್ಸಾದಂತೆ ಕಾಣಲಿಲ್ಲ. ಈ ಇಸವಿಗಳು ಸುಳ್ಳೇ?
– ಇತಿಹಾಸ ವಿದ್ಯಾರ್ಥಿ, ಕಲಬುರಗಿ

ಸುಳ್ಳಲ್ಲ. ಆದರೆ ನೀವು ಗೋಡೆಯ ವಯಸ್ಸು ಕೇಳುತ್ತಿದ್ದೀರಿ, ಫಲಕ ಹೇಳುತ್ತಿರುವುದು ಸಂಸ್ಥೆಯ ವಯಸ್ಸನ್ನು. ಪೋರ್ಚುಗೀಸರ ಕಾಲದಲ್ಲಿ ರೊಸಾರಿಯೊದಲ್ಲಿ ಇಗರ್ಜಿ ಶುರುವಾದದ್ದು 1568ರಲ್ಲಿ, ಮಿಲಾಗ್ರಿಸ್ ಶುರುವಾದದ್ದು 1680ರಲ್ಲಿ. ಈಗ ಕಣ್ಣಿಗೆ ಬೀಳುವ ಕಟ್ಟಡಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದವು. ಮಿಲಾಗ್ರಿಸ್ ಇಗರ್ಜಿಯನ್ನು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆಡವಲಾಯಿತು, ಟಿಪ್ಪು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದಿದ್ದ ಇಲ್ಲಿನ ಕ್ರೈಸ್ತರು ಮರಳಿದ ಮೇಲೆ ಮತ್ತೆ ಎದ್ದಿತು. ಬಂದರಿನ ಝೀನತ್ ಬಕ್ಷ್ ಮಸೀದಿಯನ್ನು ಅರಬ್ ನಾಡಿನಿಂದ ಬಂದ ಧರ್ಮಪ್ರಚಾರಕ ಮಲಿಕ್ ದೀನಾರರ ಕಾಲಕ್ಕೆ, ಅಂದರೆ ಏಳನೇ ಶತಮಾನಕ್ಕೆ, ಒಯ್ಯುವುದು ಪರಂಪರೆಯ ನಂಬಿಕೆ. ಟಿಪ್ಪು ಅದನ್ನು ನವೀಕರಿಸಿ ಮಗಳ ಹೆಸರಿಟ್ಟ ಎನ್ನುವುದೂ ಅದೇ ಪರಂಪರೆಯ ಮಾತು. ನೀವು ಅಲ್ಲಿ ಗಮನವಿಟ್ಟು ನೋಡಬೇಕಾದದ್ದು ಒಳಗಿನ ಕೆತ್ತಿದ ಮರದ ಕಂಬಗಳನ್ನು.

ನಿಮ್ಮೂರಿನ ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು ಎಂದರೆ ಅದರ ಕಮಾನು, ಗುಮ್ಮಟ ಆ ಕಾಲದವೇ. ಒಣನೆಲದಲ್ಲಿ ಕಲ್ಲು-ಗಾರೆಯ ಕಟ್ಟಡ ಇದ್ದ ಹಾಗೇ ನಿಲ್ಲುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿ ಕಟ್ಟಡ ಎಂದರೆ ಮುರಕಲ್ಲಿನ ಗೋಡೆ, ಅದರ ಮೇಲೆ ಮರದ ಮಾಡು. ಪಕ್ಕಾಸಿನ (ಮಾಡಿನ ಇಳಿಜಾರು ಮರ) ತುದಿಯನ್ನು ನೀರು ತಿನ್ನುತ್ತದೆ, ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿ) ಗೆದ್ದಲು ಹತ್ತುತ್ತದೆ, ಒಂದೆರಡು ತಲೆಮಾರಿಗೊಮ್ಮೆ ಮಾಡು ಬಿಚ್ಚಿ ಕಟ್ಟಲೇಬೇಕು. ಹಾಗೆ ಬಿಚ್ಚಿದಾಗಲೆಲ್ಲ ಜನ ಹೆಚ್ಚಾಗಿದ್ದಾರೆಂದು ಹಜಾರ ಉದ್ದ ಮಾಡಿರುತ್ತಾರೆ, ಕಿಟಕಿ ದೊಡ್ಡದು ಮಾಡಿರುತ್ತಾರೆ. ಹಾಗಾಗಿ ಕರಾವಳಿಯ ಕಟ್ಟಡಕ್ಕೆ ಒಂದೇ ವಯಸ್ಸು ಇರುವುದಿಲ್ಲ. ಜಾಗಕ್ಕೊಂದು, ಪಂಚಾಂಗಕ್ಕೊಂದು (ಗೋಡೆ ನಿಲ್ಲುವ ಅಡಿಗಟ್ಟು), ಗೋಡೆಗೊಂದು, ಮಾಡಿಗೊಂದು ವಯಸ್ಸು. ನಮ್ಮ ಫಲಕಗಳಲ್ಲಿ ಈ ನಾಲ್ಕನ್ನೂ ಬೇರೆಬೇರೆಯಾಗಿ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಅಲ್ಲಿಯವರೆಗೆ ನೀವೇ ಓದಿಕೊಳ್ಳುವುದನ್ನು ಕಲಿಯಬಹುದು. ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಪಂಚಾಂಗದ ಕಲ್ಲು ಮತ್ತು ಗೋಡೆಯ ಕಲ್ಲು ಒಂದೇ ಬಗೆಯವೇ? ಬಾಗಿಲ ಪಕ್ಕದಲ್ಲಿ ಗೋಡೆಯ ದಪ್ಪ ಅಳೆಯಿರಿ. ಎರಡಡಿ ದಾಟಿದರೆ ಹಳೆಯ ಭಾರ ಹೊರುವ ಗೋಡೆ, ಒಂಬತ್ತು ಇಂಚಿದ್ದರೆ ಆಮೇಲೆ ಸೇರಿಸಿದ್ದು. ಕಿಟಕಿಯ ತಲೆಯ ಮೇಲೆ ಕಲ್ಲಿನ ಇಲ್ಲವೇ ಇಟ್ಟಿಗೆಯ ಕಮಾನಿದೆಯೋ, ಚಪ್ಪಟೆ ಕಾಂಕ್ರೀಟ್ ತೊಲೆಯಿದೆಯೋ? ಕಾಂಕ್ರೀಟಾದರೆ ಆ ಕಿಟಕಿ ಇಪ್ಪತ್ತನೆಯ ಶತಮಾನದ್ದು, ಸುತ್ತಲಿನ ಗೋಡೆ ಎಷ್ಟೇ ಹಳೆಯದಿರಲಿ. ಕಬ್ಬಿಣದ ತೊಲೆಯ ಪಕ್ಕೆಯಲ್ಲಿ ವಿಲಾಯತಿ ಕಾರ್ಖಾನೆಯ ಹೆಸರು ಉಬ್ಬಚ್ಚಿನಲ್ಲಿದ್ದರೆ ಹತ್ತೊಂಬತ್ತನೆಯ ಶತಮಾನದ ಕೊನೆ ಅಥವಾ ಅದರ ನಂತರ. ಇನ್ನು ಮಾಡು: ಕೊಂಡಿ ಕೂಡುವ ಚಪ್ಪಟೆ ಮಂಗಳೂರು ಹಂಚು ಹೊದ್ದ ಯಾವ ಮಾಡೂ 1865ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ಹಂಚು ಹುಟ್ಟಿದ್ದೇ ಆಗ.

ಕದ್ರಿಯಲ್ಲಿ ಮಂಜುನಾಥನ ದರ್ಶನ ಮಾಡಿ ಹೊರಬಂದೆವು. ‘ಸಾವಿರ ವರ್ಷದ ಕಂಚಿನ ವಿಗ್ರಹ ನೋಡಿದಿರಾ’ ಎಂದು ಆಮೇಲೆ ಯಾರೋ ಕೇಳಿದರು. ನೋಡಿರಲಿಲ್ಲ. ಅದು ಯಾವುದು? ಬುದ್ಧನದೋ ಶಿವನದೋ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಅದು ಲೋಕೇಶ್ವರ. ಜನ ಅದನ್ನು ಬ್ರಹ್ಮ ಎಂದೂ ಕರೆಯುತ್ತಾರೆ, ಹಾಗಾಗಿ ನೀವು ಮುಂದೆ ಹಾದುಹೋಗಿಯೂ ಗುರುತಿಸದೆ ಇದ್ದಿರಬಹುದು. ಪದ್ಮಾಸನದಲ್ಲಿ ಕುಳಿತ, ಮೂರು ಮುಖ, ಆರು ಕೈಗಳ, ಸುಮಾರು ಐದಡಿಯ ವಿಗ್ರಹ. ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎನ್ನುತ್ತದೆ ಅದು. ‘ವಿಹಾರ’ ಎಂಬ ಒಂದೇ ಮಾತು ಎಷ್ಟನ್ನು ಹೇಳುತ್ತದೆ ನೋಡಿ. ಹತ್ತನೆಯ ಶತಮಾನದಲ್ಲಿ ಇದು ಬೌದ್ಧರ ನೆಲೆ. ಲೋಕೇಶ್ವರ ಅವರ ಬೋಧಿಸತ್ವ ಅವಲೋಕಿತೇಶ್ವರ. ಆದರೆ ಅದೇ ಕುಂದವರ್ಮನನ್ನು ಶಿವಭಕ್ತನೆಂದೂ ಶಾಸನ ಹೊಗಳುತ್ತದೆ. ಇದು ಬುದ್ಧನದೋ ಶಿವನದೋ ಎಂದು ಗೆರೆ ಎಳೆಯುವ ಅಗತ್ಯ ಅದನ್ನು ಮಾಡಿಸಿದವನಿಗೇ ಕಂಡಿರಲಿಲ್ಲ.

ಈ ಮಂಜುನಾಥನ ಹೆಸರಿನ ಹಿಂದೆ ಬೌದ್ಧರ ಮಂಜುಶ್ರೀ ಇದ್ದಾನೆ ಎಂದು ವಿದ್ವಾಂಸರು ಊಹಿಸಿದ್ದಾರೆ. ಬೌದ್ಧರ ನಂತರ ನಾಥಪಂಥದವರು ಇಲ್ಲಿ ನೆಲೆಯೂರಿದರು. ಗುಡ್ಡದ ಮೇಲಿನ ಜೋಗಿ ಮಠಕ್ಕೆ ಇಂದಿಗೂ ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳ ಮುಗಿದ ಮೇಲೆ, ತ್ರ್ಯಂಬಕೇಶ್ವರದಿಂದ ಜೋಗಿಗಳ ದಂಡು ನಡೆದೇ ಬರುತ್ತದೆ. ಧರ್ಮಸ್ಥಳದ ಮಂಜುನಾಥನ ಲಿಂಗ ಕದ್ರಿಯಿಂದಲೇ ಹೋದದ್ದೆಂಬ ಐತಿಹ್ಯ ನಿಮಗೆ ಗೊತ್ತೇ ಇರುತ್ತದೆ.

ಮುಂದಿನ ಸಲ ಹೋದಾಗ ಮೊದಲು ನೆತ್ತಿ ನೋಡಿ. ಕಿರೀಟದ ನಡುವೆ ಧ್ಯಾನಕ್ಕೆ ಕುಳಿತ ಪುಟ್ಟ ಬುದ್ಧನ ಆಕೃತಿಯಿದೆ. ಬೌದ್ಧ ಗುರುತು ಅದೇ. ಆಮೇಲೆ ಪಕ್ಕದ ಎರಡು ಮುಖಗಳು ನಡುಮುಖಕ್ಕೆ ಸೇರುವ ಕಿವಿಯ ಭಾಗ. ಮೇಣದಲ್ಲಿ ಅಚ್ಚು ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಲೋಹ ಸುರಿಯುವ ಕೆಲಸವಿದು. ಇಂಥ ಸಂದಿಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಲೋಹ ತಲುಪದೆ ಗುಳಿ ಬೀಳುತ್ತದೆ. ಇಷ್ಟು ದೊಡ್ಡ ವಿಗ್ರಹದಲ್ಲಿ ಮೂರು ಮುಖ, ಆರು ಕೈಗಳನ್ನು ಇಷ್ಟು ನಯವಾಗಿ ಎತ್ತಿದವರು ಯಾರೋ, ಅವರ ಕೈಗೆ ಮುಗಿಯಬೇಕು. ಪೀಠದ ಅಕ್ಷರಗಳು ಬಾಗಿಲಿನಿಂದ ಕಾಣುವುದು ಕಷ್ಟ, ಅಲಂಕಾರವಿದ್ದರೆ ಕಾಣುವುದೇ ಇಲ್ಲ. ಇದು ನಿತ್ಯ ಪೂಜೆಯ ವಿಗ್ರಹ, ಟಾರ್ಚು ಬಿಡುವುದು, ಫೋನು ಎತ್ತುವುದು ಬೇಡ. ಬೆಳಿಗ್ಗೆ ಜನ ಕಡಿಮೆಯಿರುವಾಗ ಅರ್ಚಕರನ್ನು ಕೇಳಿ, ತೋರಿಸಬಹುದಾದದ್ದನ್ನು ತೋರಿಸುತ್ತಾರೆ.

ಅಲೋಶಿಯಸ್ ಚಾಪೆಲ್‌ನ ಚಿತ್ರಗಳು ಗೋಡೆಯ ಮೇಲೆ ಬರೆದವೇ, ಕ್ಯಾನ್ವಾಸ್ ಅಂಟಿಸಿದ್ದೇ? ಈ ಸೆಕೆ, ಮಳೆಯಲ್ಲಿ ನೂರಿಪ್ಪತ್ತು ವರ್ಷ ಹೇಗೆ ಉಳಿದವು? ಮಕ್ಕಳನ್ನು ಕರೆತಂದರೆ ಏನು ತೋರಿಸಲಿ?
– ಚಿತ್ರಕಲಾ ಶಿಕ್ಷಕ, ಧಾರವಾಡ

ಎರಡೂ ಇವೆ. ಗೋಡೆಗಳ ಮೇಲಿನವು ಫ್ರೆಸ್ಕೊ, ಸುಮಾರು 600 ಚದರ ಮೀಟರಿನಷ್ಟು. ಚಾವಣಿಯ ನಡುವಣ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗಾನ ಜೀವನ ಹೇಳುವ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣದವು. ಬರೆದವರು ಆಂಟೋನಿಯೊ ಮೊಸ್ಕೇನಿ ಎಂಬ, ಜೆಸ್ಯೂಟ್ ಕ್ರೈಸ್ತ ಧಾರ್ಮಿಕ ಸಂಘದ ಸಹೋದರ. ಇಟಲಿಯ ಬೆರ್ಗಮೊ ಕಡೆಯವರು, ಅಲ್ಲಿನ ಕರಾರಾ ಅಕಾಡೆಮಿಯಲ್ಲಿ ಕಲಿತವರು. ಕಾಲೇಜು ಆರಂಭವಾದದ್ದು 1880ರಲ್ಲಿ. ಮೊಸ್ಕೇನಿ 1901ರ ಹೊತ್ತಿಗೆ ಚಾಪೆಲ್ ಮುಗಿಸಿದರು, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಮೇಲಿನ ಕೆಲಸ ಎಂದು ನಿಮಗೆ ಗೊತ್ತು. ಮಕ್ಕಳಿಗೆ ಹೇಳುವಾಗ ಕೆಲಸಗಾರನ ದಿನದ ಲೆಕ್ಕದಿಂದ ಶುರು ಮಾಡಿ. ಗೋಡೆಗೆ ಮೊದಲು ಒರಟು ಸಾರಣೆ. ಅದರ ಮೇಲೆ ನಯವಾದ ತೆಳು ಸುಣ್ಣದ ಪದರ, ಅದೂ ಆ ಒಂದು ದಿನ ಬರೆದು ಮುಗಿಸಬಲ್ಲಷ್ಟೇ ಜಾಗಕ್ಕೆ. ಕಾಗದದ ಮೇಲಿನ ರೇಖೆಯನ್ನು ಹಸಿ ಸುಣ್ಣದ ಮೇಲೆ ಒತ್ತಿ ಗೀರು ಮೂಡಿಸುತ್ತಾರೆ, ಇಲ್ಲವೇ ಸೂಜಿತೂತುಗಳ ಮೂಲಕ ಇದ್ದಿಲ ಪುಡಿ ತಟ್ಟುತ್ತಾರೆ. ಬಣ್ಣಕ್ಕೆ ಅಂಟು ಸೇರಿಸುವುದಿಲ್ಲ, ಬರೀ ನೀರು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣದ ಕಣಗಳು ಅದರೊಳಗೇ ಸಿಕ್ಕಿಕೊಳ್ಳುತ್ತವೆ. ಗೋಡೆಯೇ ಚಿತ್ರವಾಗುತ್ತದೆ, ಸುಲಿದು ಬರುವ ಪದರವೆಂಬುದು ಇಲ್ಲ. ಬೆಳಿಗ್ಗೆ ಹಚ್ಚಿದ್ದು ಸಂಜೆಗೆ ಒಣಗಿದರೆ ಮತ್ತೆ ತಿದ್ದಲಾಗದು. ತಪ್ಪಿದರೆ ಆ ತುಂಡನ್ನು ಕೆತ್ತಿ ತೆಗೆದು ಹೊಸ ಸುಣ್ಣ ಹಚ್ಚಬೇಕು. ಸುಣ್ಣದ ಕ್ಷಾರಕ್ಕೆ ಕೆಲವು ಬಣ್ಣಗಳು ಸುಟ್ಟುಹೋಗುತ್ತವೆ. ಫ್ರೆಸ್ಕೊದಲ್ಲಿ ಕೆಮ್ಮಣ್ಣು, ಹಳದಿಮಣ್ಣಿನಂಥ ಮಣ್ಣುಬಣ್ಣಗಳೇ ಹೆಚ್ಚು ಕಾಣುವುದು ಅದಕ್ಕೇ.

ಉಳಿದದ್ದು ಹೇಗೆ ಎಂಬುದಕ್ಕೆ ಅರ್ಧ ಉತ್ತರ ಅದೇ. ಇನ್ನರ್ಧ ಆರೈಕೆ. ಕರಾವಳಿಯಲ್ಲಿ ಫ್ರೆಸ್ಕೊದ ಶತ್ರು ಸೆಕೆಗಿಂತ ಗೋಡೆಯೊಳಗಿನ ನೀರು. ಮಾಡು ಸೋರಿ ಗೋಡೆ ನೆನೆದರೆ ಒಳಗಿನ ಉಪ್ಪು ಕರಗಿ ಮುಂದಕ್ಕೆ ಬರುತ್ತದೆ. ಬಣ್ಣದ ಪದರದ ಹಿಂದೆ ಅದು ಹರಳುಗಟ್ಟಿದಾಗ ಬಣ್ಣ ಪುಡಿಯಾಗಿ ಉದುರುತ್ತದೆ. ಕ್ಯಾನ್ವಾಸಿನದು ಬೇರೆ ಕಾಯಿಲೆ. ಮಳೆಗಾಲದಲ್ಲಿ ಬಟ್ಟೆ ಹಿಗ್ಗಿ ಜೋಲುತ್ತದೆ, ಬೇಸಿಗೆಯಲ್ಲಿ ಬಿಗಿಯುತ್ತದೆ, ಹಿಂಬದಿಗೆ ಬೂಷ್ಟು ಹತ್ತುತ್ತದೆ. 1991ರಿಂದ 94ರವರೆಗೆ ಇಲ್ಲಿ ದೊಡ್ಡ ಪ್ರಮಾಣದ ಸಂರಕ್ಷಣೆ ನಡೆಯಿತು.

ಮಕ್ಕಳನ್ನು ಹಿಂದಿನ ಬೆಂಚುಗಳಲ್ಲಿ ಕೂರಿಸಿ, ಬೆನ್ನು ಒರಗಿಸಿ ಐದು ನಿಮಿಷ ಚಾವಣಿ ನೋಡಲು ಬಿಡಿ. ನಿಂತು ಕತ್ತೆತ್ತಿದರೆ ಎರಡೇ ನಿಮಿಷಕ್ಕೆ ಕುತ್ತಿಗೆ ಸೋಲುತ್ತದೆ. ಆಮೇಲೆ ಗೋಡೆಯ ಹತ್ತಿರ, ಕೈತಾಗದ ಅಂತರದಲ್ಲಿ ನಿಲ್ಲಿಸಿ ಓರೆಯಾಗಿ ನೋಡಲು ಹೇಳಿ. ದೂರದಿಂದ ಉಬ್ಬಿ ನಿಂತಂತೆ ಕಾಣುತ್ತಿದ್ದ ಎಷ್ಟೋ ಕಂಬ, ಅಂಚುಪಟ್ಟಿಗಳು ಚಪ್ಪಟೆ ಗೋಡೆಯ ಮೇಲಿನ ನೆರಳು-ಬೆಳಕು ಎಂದು ಆಗ ತಿಳಿಯುತ್ತದೆ. ಒಂದು ಗುಟ್ಟು: ಬರೆದ ನೆರಳು ಯಾವ ಕಡೆಗೆ ಬೀಳುತ್ತಿದೆ, ನಿಜವಾದ ಬೆಳಕು ಯಾವ ಕಿಟಕಿಯಿಂದ ಬರುತ್ತಿದೆ ಎಂದು ಮಕ್ಕಳಿಂದಲೇ ಹೋಲಿಸಿಸಿ. ಇದಕ್ಕಿಂತ ಒಳ್ಳೆಯ ಪಾಠ ತರಗತಿಯಲ್ಲಿ ಸಿಗದು. ಮುಟ್ಟಲು ಮಾತ್ರ ಬಿಡಬೇಡಿ, ಬೆವರಲ್ಲೂ ಉಪ್ಪಿದೆ. ಗುಂಪಾಗಿ ಬರುವುದಾದರೆ ಮುಂಚಿತವಾಗಿ ಕಾಲೇಜಿಗೆ ಪತ್ರ ಬರೆಯಿರಿ, ಫೋಟೊ ವಿಚಾರವನ್ನೂ ಅದರಲ್ಲೇ ಕೇಳಿಬಿಡಿ.

ಮಗನಿಗೆ ಕೋಟೆ ತೋರಿಸುತ್ತೇನೆಂದು ಸುಲ್ತಾನ್ ಬತ್ತೇರಿಗೆ ಕರೆದೊಯ್ದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಅಷ್ಟೇನಾ?
– ಓದುಗರು, ಮೈಸೂರು

ಅದು ಕೋಟೆಯಲ್ಲ, ಕಾವಲುಬುರುಜು. ‘ಬತ್ತೇರಿ’ ಎಂದರೆ ಫಿರಂಗಿ ಹೂಡುವ ಜಾಗ, ಇಂಗ್ಲಿಷಿನ ಬ್ಯಾಟರಿಯೇ ನಾಲಿಗೆಯಲ್ಲಿ ಸವೆದು ಹಾಗಾಗಿದೆ. ಇದು 1784ರದ್ದು. ಟಿಪ್ಪುವಿಗೂ ಇಂಗ್ಲಿಷರಿಗೂ ಮಂಗಳೂರು ಒಪ್ಪಂದವಾದದ್ದು ಅದೇ ವರ್ಷದ ಮಾರ್ಚ್ 11ರಂದು. ಹಡಗುಗಳು ಗುರುಪುರ ಹೊಳೆಗೆ ನುಗ್ಗದಂತೆ ಕಾಯುವುದೇ ಇದರ ಕೆಲಸ. ಹಾಗಾಗಿ ಇದನ್ನು ಹೊರಗಿನಿಂದಲ್ಲ, ಒಳಗಿನಿಂದ ನೋಡಬೇಕು. ಒಂದೊಂದು ಕಿಂಡಿಯ ಹಿಂದೆಯೂ ಮಗನನ್ನು ನಿಲ್ಲಿಸಿ, ಹೊಳೆಯ ಯಾವ ತುಂಡು ಕಾಣುತ್ತದೆಂದು ಕೇಳಿ, ಕಾಗದದ ಮೇಲೆ ಗೆರೆ ಹಾಕಿಸಿ. ಒಂದು ಕಿಂಡಿಗೆ ತಪ್ಪಿದ ದೋಣಿ ಇನ್ನೊಂದಕ್ಕೆ ಸಿಗುವುದು ಆಗ ಗೊತ್ತಾಗುತ್ತದೆ. ಕೆಳಗಿನ ಕೋಣೆ ಮದ್ದು ಇಡಲು. ನೆಲಮಟ್ಟಕ್ಕಿಂತ ಕೆಳಗಿದ್ದರೆ ಶತ್ರುವಿನ ಗುಂಡಿಗೂ ಸಿಗದು, ಕಿಡಿಗೂ ಸಿಗದು. ಕೊನೆಗೆ ಪಕ್ಕದ ಕಡವಿನಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗುತ್ತ ಹಿಂತಿರುಗಿ ನೋಡಿ. ಹಡಗಿನವರಿಗೆ ಬುರುಜು ಹೇಗೆ ಕಾಣುತ್ತಿತ್ತೋ ಹಾಗೆ ಕಾಣುತ್ತದೆ.

ಅಜ್ಜನ ಮನೆಯ ಮಾಡು ಬಿಚ್ಚುವಾಗ ಸಿಕ್ಕ ಹಂಚುಗಳ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದಿದೆ. ಇವು ನಿಜವಾಗಿ 1865ರ ಹಂಚುಗಳೇ? ಹೊಸ ಮಾಡಿಗೆ ಮತ್ತೆ ಹೊದಿಸಬಹುದೇ?
– ಕೃಷಿಕ, ಪುತ್ತೂರು

ಫಲಕದ ಇಸವಿಯ ಕಥೆಯೇ ಹಂಚಿನದ್ದೂ. ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಪ್ಲೆಬ್ಸ್ಟ್ ಎಂಬವರ ಮುಂದಾಳತ್ವದಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ 1865. ಅದನ್ನೇ ಅಚ್ಚಿನಲ್ಲಿ ಕೊರೆದು ದಶಕಗಟ್ಟಲೆ ಒತ್ತಿದರು. ನಿಮ್ಮ ಹಂಚಿನ ಕಾಲ ತಿಳಿಯಲು ಇಸವಿಗಿಂತ ಹೆಸರು ಹೆಚ್ಚು ನೆರವಾಗುತ್ತದೆ. ಮೊದಲ ಮಹಾಯುದ್ಧದ ನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಮಿಷನ್ನಿನ ಹೆಸರಿರುವ ಹಂಚು ಆ ಯುದ್ಧಕ್ಕಿಂತ ಹಿಂದಿನದು, ಅಂದರೆ ನೂರು ವರ್ಷ ದಾಟಿದ್ದು ಎಂದು ಹೇಳಬಹುದು. 1865ರದ್ದೇ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ನಂಬಬೇಡಿ. ಊರಿನ ಹೆಸರನ್ನೂ ನೋಡಿ, ಮಿಷನ್ನಿಗೆ ಮಲಬಾರಿನಲ್ಲೂ ಕಾರ್ಖಾನೆಗಳಿದ್ದವು.

ಮತ್ತೆ ಹೊದಿಸಲು ಅಡ್ಡಿಯಿಲ್ಲ, ಆದರೆ ಒಂದೊಂದನ್ನೂ ಪರೀಕ್ಷಿಸಬೇಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಬದ್ದೆಂದರೆ ಒಳಗೆ ಬಿರುಕಿದೆ. ಹಿಂಬದಿಯ ಕೊಕ್ಕೆ ಮುರಿದಿದ್ದರೆ ರೀಪಿನ ಮೇಲೆ ನಿಲ್ಲದು, ತೆಗೆದಿಡಿ. ನೂರಕ್ಕೆ ಐದಾರನ್ನು ಆರಿಸಿ, ಒಣಗಿಸಿ ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಿ. ತೂಕ ಐದನೇ ಒಂದು ಭಾಗಕ್ಕಿಂತ ಹೆಚ್ಚು ಏರಿದರೆ ಆ ಗುಂಪಿನ ಹಂಚು ವಾಸದ ಮನೆಗೆ ಬೇಡ, ಕೊಟ್ಟಿಗೆಗೆ ಸಾಕು.

ನೂರು ಚದರ ಅಡಿ ಮಾಡಿಗೆ 140ರಿಂದ 150 ಹಂಚು ಹಿಡಿಯುತ್ತವೆ. ಒಡೆಯುವುದಕ್ಕೆಂದು ಹತ್ತು ಶೇಕಡ ಹೆಚ್ಚು ಇಟ್ಟುಕೊಳ್ಳಿ. ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ, ಅಂದರೆ ಅಡ್ಡ ಹತ್ತಡಿಗೆ ಎತ್ತರ ಐದು ಮುಕ್ಕಾಲು ಅಡಿ. ಇದಕ್ಕಿಂತ ತಗ್ಗಿದರೆ ಗಾಳಿಮಳೆಗೆ ನೀರು ಹಂಚಿನ ಸಂದಿಯಲ್ಲಿ ಹಿಮ್ಮುಖವಾಗಿ ಏರುತ್ತದೆ. ರೀಪಿನ ಅಂತರವನ್ನು ಬಡಗಿಯ ಬಾಯಿಲೆಕ್ಕಕ್ಕೆ ಬಿಡಬೇಡಿ. ಎರಡು ಹಂಚು ನೆಲದ ಮೇಲೆ ಕೂಡಿಸಿಟ್ಟು ಕೊಕ್ಕೆಯಿಂದ ಕೊಕ್ಕೆಗೆ ಅಳೆಯಿರಿ, ಹನ್ನೆರಡು-ಹದಿಮೂರು ಇಂಚು ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಬೇರೆ ಬೇರೆ ಕಾರ್ಖಾನೆಯ ಹಂಚು ಬೆರೆಸುವಾಗ. ನೋಡಲು ಒಂದೇ ಥರ ಇದ್ದರೂ ಒಂದಕ್ಕೊಂದು ಕೂಡುವ ತೋಡಿನಲ್ಲಿ ಒಂದೆರಡು ನೂಲು (ಇಂಚಿನ ಎಂಟನೇ ಒಂದು ಭಾಗ) ವ್ಯತ್ಯಾಸ ಇದ್ದೇ ಇರುತ್ತದೆ, ಸೋರುವುದು ಅಲ್ಲೇ. ಹಳೆಯವು ಸಾಲದಿದ್ದರೆ ಒಂದು ಇಳಿಜಾರಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಬೇರೆಯದು ಹಾಕಿ.

ಬಂದರಿನ ಹತ್ತಿರ ನಮ್ಮದು ಮುರಕಲ್ಲಿನ ಹಳೆಯ ಮನೆ. ಸಿಮೆಂಟ್ ಸಾರಣೆ ಮಾಡಿಸಿದ್ದು ನೆಲದಿಂದ ಮೂರಡಿವರೆಗೆ ಉಬ್ಬಿ ಬೀಳುತ್ತಿದೆ. ಎರಡು ಸಲ ಸರಿ ಮಾಡಿಸಿಯೂ ಆಯಿತು. ಹಳೆಯ ಕಟ್ಟಡಗಳಲ್ಲಿ ಹೀಗಾಗುವುದಿಲ್ಲವಲ್ಲ?
– ಗೃಹಿಣಿ, ಮಂಗಳೂರು

ಮೂರನೇ ಸಲವೂ ಸಿಮೆಂಟೇ ಹಾಕಿದರೆ ಮೂರನೇ ಸಲವೂ ಬೀಳುತ್ತದೆ. ಮುರಕಲ್ಲಿನ ತುಂಬ ರಂಧ್ರಗಳು, ನೆಲದ ನೀರನ್ನು ಅದು ಬತ್ತಿಯ ಹಾಗೆ ಹೀರುತ್ತದೆ. ಸುಣ್ಣದ ಸಾರಣೆಯಿದ್ದಾಗ ಆ ನೀರು ಆವಿಯಾಗಿ ಹೊರಹೋಗುತ್ತಿತ್ತು. ಸಿಮೆಂಟ್ ಅದನ್ನು ತಡೆಯುತ್ತದೆ. ನೀರು ಇನ್ನಷ್ಟು ಮೇಲಕ್ಕೆ ಏರುತ್ತದೆ, ಅದರೊಡನೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳಿ ಬೀಳಿಸುತ್ತದೆ, ಜೊತೆಗೆ ಕಲ್ಲಿನ ಮೈಯನ್ನೂ ಕಿತ್ತುಕೊಂಡು. ಊರಿನ ಎಷ್ಟೋ ಹಳೆಯ ಕಟ್ಟಡಗಳನ್ನು ಒಳ್ಳೆಯ ಮನಸ್ಸಿನಿಂದಲೇ ಹೀಗೆ ಕೆಡಿಸಿದ್ದಾರೆ ಎಂಬುದು ನಮಗೆ ನೋವಿನ ಸಂಗತಿ.

ಮಳೆ ಪೂರ್ತಿ ಬಿಟ್ಟ ಮೇಲೆ, ಡಿಸೆಂಬರಿನಲ್ಲಿ ಕೆಲಸ ಹಿಡಿಯಿರಿ. ಮೊದಲು ಹೊರಗೆ ನೋಡಿ. ರಸ್ತೆ ಎತ್ತರಿಸಿದಾಗ ನಿಮ್ಮ ಪಂಚಾಂಗ ಮಣ್ಣಲ್ಲಿ ಹೂತಿದ್ದರೆ, ಅಂಗಳದ ನೀರು ಗೋಡೆಯ ಬುಡಕ್ಕೆ ಬರುತ್ತಿದ್ದರೆ, ಅದನ್ನು ಸರಿಮಾಡದೆ ಒಳಗೆ ಕೈಹಾಕುವುದು ದುಡ್ಡು ದಂಡ. ಆಮೇಲೆ ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನವರೆಗೂ ಸಿಮೆಂಟ್ ತೆಗೆಸಿ, ಸುತ್ತಿಗೆಯಿಂದ ಗುದ್ದಿಸದೆ ಸಣ್ಣ ಉಳಿಯಿಂದ. ಕಲ್ಲಿನ ಸಂದಿಗಳನ್ನು ಮುಕ್ಕಾಲು ಇಂಚು ಕೆರೆಸಿ. ಬಿಳಿ ಉಪ್ಪನ್ನು ಒಣಬ್ರಷ್ಷಿನಿಂದ ಗುಡಿಸಿ ತೆಗೆಯಿರಿ, ತೊಳೆದರೆ ಕರಗಿ ಮತ್ತೆ ಕಲ್ಲಿಗೇ ಇಳಿಯುತ್ತದೆ. ಎರಡು ತಿಂಗಳು ಗೋಡೆಯನ್ನು ಬರಿಮೈಯಲ್ಲಿ ಬಿಡಿ.

ಸಾರಣೆಗೆ ಅರಳಿಸಿ ಕೆಲವು ವಾರ ನೀರಲ್ಲಿಟ್ಟ ಸುಣ್ಣ ಒಂದು ಪಾಲು, ಹೊಳೆಯ ಮರಳು ಮೂರು ಪಾಲು. ಮರುವಾಯಿ ಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು. ಕಡಲ ಮರಳು ಖಂಡಿತ ಬೇಡ, ನೀವೇ ಉಪ್ಪು ತಂದು ಗೋಡೆಗೆ ತುಂಬಿದಂತಾಗುತ್ತದೆ. ಮೊದಲ ಪದರ ಅರ್ಧ ಇಂಚು, ಒಂದು ವಾರ ಬಿಟ್ಟು ಎರಡನೆಯದು ಕಾಲಿಂಚು. ಹತ್ತು ದಿನ ಒದ್ದೆ ಗೋಣಿ ತೂಗಿಸಿ. ಬೇಗ ಒಣಗಿದರೆ ಸುಣ್ಣ ಗಟ್ಟಿಯಾಗದೆ ಕೈಗೆ ಹಿಟ್ಟು ಹಿಟ್ಟಾಗಿ ಬರುತ್ತದೆ. ಮೇಲೆ ತೆಳು ಸುಣ್ಣ ಮೂರು ನಾಲ್ಕು ಸಲ. ಪ್ಲಾಸ್ಟಿಕ್ ಬಣ್ಣ ಬಳಿದರೆ ಇಷ್ಟೂ ವ್ಯರ್ಥ, ಅದೂ ಸಿಮೆಂಟಿನ ಹಾಗೆ ಗೋಡೆಯ ಉಸಿರು ಕಟ್ಟುತ್ತದೆ. ಮೊದಲ ಎರಡು ವರ್ಷ ಅಲ್ಲಲ್ಲಿ ಉಪ್ಪು ಮೂಡಿದರೆ ಹೆದರಬೇಡಿ, ಗುಡಿಸಿ ತೆಗೆಯಿರಿ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದ ಜಾಗವನ್ನು ಈಗ ನೋಡಬಹುದೇ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ತುಮಕೂರು

ಬಲ್ಮಠ ಗುಡ್ಡಕ್ಕೆ ಹೋಗಿ. ಬಾಸೆಲ್ ಮಿಷನ್ ಇಲ್ಲಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ 1841ರಲ್ಲಿ. ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಚಿಕೆ 1843ರ ಜುಲೈ 1ರಂದು ಹೊರಬಂತು. ಪತ್ರಿಕಾ ದಿನವನ್ನು ನಾವು ಜುಲೈ 1ರಂದು ಆಚರಿಸುವುದು ಅದಕ್ಕೇ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಆಗ ಇದ್ದದ್ದು ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಬರೆದದ್ದು ನಯವಾದ ಸುಣ್ಣಕಲ್ಲಿನ ಮೇಲೆ ತಿರುಗುಮುರುಗಾಗಿ ಮೂಡುತ್ತದೆ, ಕಲ್ಲನ್ನು ಒದ್ದೆ ಮಾಡಿ ಉರುಳೆಯಿಂದ ಮಸಿ ಹಾಯಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಕಲ್ಲಚ್ಚಿನ ಪುಟದಲ್ಲಿ ಕಾಣುವುದು ಬರೆದವರ ಕೈಬರಹವೇ. ಒಂದೇ ಪುಟದಲ್ಲಿ ನಾಲ್ಕು ‘ಳ’ ಹುಡುಕಿ ಹೋಲಿಸಿ, ನಾಲ್ಕೂ ಒಂದೊಂದು ಥರ ಇರುತ್ತವೆ. ಮೊಳೆಯಚ್ಚಿನಲ್ಲಿ ಹಾಗಾಗದು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಇದೇ ಮಿಷನ್ನಿನ ಮುದ್ರಣಾಲಯದಿಂದ ಬಂತು, ಅದರ ಅಚ್ಚು ನೋಡಿದರೆ ಐವತ್ತು ವರ್ಷದಲ್ಲಿ ಎಷ್ಟು ದೂರ ಬಂದರೆಂದು ತಿಳಿಯುತ್ತದೆ.

ಹಳೆಯ ಕಾಗದಪತ್ರಗಳಿಗೆ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಪತ್ರಾಗಾರವಿದೆ. ವಿಷಯ, ಬೇಕಾದ ವರ್ಷ, ನಿಮ್ಮ ವಿಭಾಗದ ಪತ್ರ, ಇವನ್ನು ಮೊದಲೇ ಕಳಿಸಿ ದಿನ ಗೊತ್ತುಮಾಡಿಕೊಳ್ಳಿ. ಪೆನ್ಸಿಲ್ ಒಯ್ಯಿರಿ, ಹಳೆಯ ಕಾಗದದ ಹತ್ತಿರ ಶಾಯಿಯ ಪೆನ್ನು ಒಯ್ಯಬಾರದು. ಊರಿನ ಹಳೆಯ ಛಾಯಾಚಿತ್ರಗಳು ಬೇಕಿದ್ದರೆ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿರುವ ಮಿಷನ್ ಪತ್ರಾಗಾರದ ಚಿತ್ರಸಂಗ್ರಹವನ್ನು ಮನೆಯಿಂದಲೇ ಹುಡುಕಬಹುದು. ಮಂಗಳೂರು ಎಂಬುದರ ಕೊನೆಯಲ್ಲಿ ‘ರ್’, ‘ರು’, ‘ರ’ ಎಂದು ಬಗೆಬಗೆಯಾಗಿ ಬರೆದಿರುತ್ತಾರೆ, ಎಲ್ಲ ರೂಪಗಳಲ್ಲೂ ಹುಡುಕಿ. ಬಲ್ಮಠ, ಜೆಪ್ಪು ಎಂದು ಜಾಗದ ಹೆಸರಿನಲ್ಲೂ ಹುಡುಕಿದರೆ ಬೇರೆಯೇ ಚಿತ್ರಗಳು ಸಿಗುತ್ತವೆ.